ಆರರ ಸಾಲಿನ ಟಿಕ್

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ಪಾಳಿ ಬದಲಾಯಿತೇ? ನಿಂತು ನಿಂತು ಬಾತುಕೊಳ್ಳುತ್ತಿದ್ದ ಕಾಲು ಈಗ ಹೇಗಿದೆ? ಇಲ್ಲಿ ನಾನು ಚೆನ್ನಾಗಿದ್ದೇನೆ. ಅಮ್ಮ ಊಟ ಮಾಡಿ ಮಲಗಿದ್ದಾಳೆ.

ಮನೆಯ ಕ್ಯಾಮೆರಾದಲ್ಲಿ ಅಮ್ಮ ಯಾಕೆ ಕಾಣುತ್ತಿಲ್ಲ ಎಂದು ನೀನು ಫೋನಿನಲ್ಲಿ ಮೂರು ಸಲ ಕೇಳಿದೆ. ಅದು ನನ್ನ ಕೈಯಿಂದಲೇ ಆದದ್ದು. ಯೂನಿಫಾರ್ಮ್ ಅಂಗಡಿಯವರು ಅಳತೆಯ ಪಟ್ಟಿಯನ್ನು ಈಗ ಕಂಪ್ಯೂಟರಿಗೇ ಕಳಿಸುತ್ತಾರೆ. ಆ ಪುಟ ತೆರೆಯುವಷ್ಟರಲ್ಲಿ ನಾನೊಂದು ಕಾಲರ್ ಹೊಲಿದು ಮುಗಿಸುತ್ತಿದ್ದೆ. ಎರಡು ಸಲ ಬಟ್ಟೆ ತಡವಾಯಿತು. "ಇನ್ನೊಂದ್ ಸಲ ಹೀಗಾದ್ರೆ ಕೆಲಸ ಬೇರೆಯವ್ರಿಗೆ ಕೊಡ್ತೀವಮ್ಮ" ಎಂದರು. ಕಂಪ್ಯೂಟರ್ ರಿಪೇರಿ ಮಾಡುವ ಮಾವನನ್ನು ಕರೆದೆ. ನಮ್ಮ ಕಂಪ್ಯೂಟರಿಗೆ ಎರಡು ಬಗೆಯ ವಿಳಾಸವಂತೆ, ಹಳೆಯದಕ್ಕೆ ನಾಲ್ಕು, ಹೊಸದಕ್ಕೆ ಆರು ಎಂದು ಗುರುತು. ಅಂಗಡಿಯ ಪುಟ ಮೊದಲು ಹೊಸ ದಾರಿ ಹಿಡಿದು, ಅಲ್ಲಿ ಕಾದು ಕಾದು ಸುಸ್ತಾಗಿ, ಆಮೇಲೆ ಹಳೆಯ ದಾರಿಗೆ ಬರುತ್ತಿತ್ತಂತೆ. ಮಾವ ಕುರ್ಚಿ ಬಿಟ್ಟು ಏಳದೆ ನನ್ನಿಂದಲೇ ಮಾಡಿಸಿದರು. ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು, ಉದ್ದದ ಪಟ್ಟಿಯಲ್ಲಿ ಆರು ಎಂದಿದ್ದ ಸಾಲು ಹುಡುಕಿ, ಅದರ ಮುಂದಿನ ಟಿಕ್ ತೆಗೆದೆ. "ನಾಲ್ಕರ ತಂಟೆಗೆ ಹೋದ್ಯೋ, ಪೂರ್ತಿ ಕೈ ಕೊಡತ್ತೆ ನೋಡು" ಎಂದು ಹೆದರಿಸಿದರು. ಈಗ ಪುಟ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬರುತ್ತದೆ. ಕೆಲಸ ಉಳಿಯಿತು.

ನೀನು ಅಲ್ಲಿಂದ ಮನೆಯೊಳಗೆ ಇಣುಕುತ್ತಿದ್ದದ್ದು ಆ ಆರರ ದಾರಿಯಿಂದಲೇ ಎಂದು ಆಗ ಮಾವನಿಗೂ ಹೊಳೆಯಲಿಲ್ಲ. ಅಮ್ಮ ಜಾರಿ ಬಿದ್ದ ಮೇಲೆ ನೀನು ಈ ಕಂಪ್ಯೂಟರಿಗೇ ಜೋಡಿಸಿ ಕೂರಿಸಿ ಹೋದ ಕ್ಯಾಮೆರಾ ಈಗಲೂ ಹೊಲಿಗೆ ಮಿಷನ್ನನ್ನೇ ನೋಡುತ್ತ ಕೂತಿದೆ. ನೀನು ನೋಡುವಾಗ ಹತ್ತುತ್ತಿದ್ದ ಹಸಿರು ದೀಪ ಹನ್ನೆರಡು ದಿನದಿಂದ ಹತ್ತಿಲ್ಲ. ಅದನ್ನು ಮೊದಲು ಗಮನಿಸಿದ್ದು ಅಮ್ಮ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನಿಂತುಕೊಂಡೇ ಗಬಗಬ ತಿನ್ನಬಾರದಂತೆ, ಕೂತು ಊಟ ಮಾಡಬೇಕಂತೆ.

ಇಂತಿ ನಿನ್ನ ತಂಗಿ,
ಪುಟ್ಟಿ

ತಾ.ಕ.: ಫೋನಿನಲ್ಲಿ ಇದನ್ನು ಹೇಳಲಾಗಲಿಲ್ಲ, ಅಮ್ಮ ಪಕ್ಕದಲ್ಲೇ ಇರುತ್ತಾಳೆ. ನೀನು ದಿನಾ ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ನಾಲ್ಕಕ್ಕೂ ಕ್ಯಾಮೆರಾದಲ್ಲಿ ನೋಡುತ್ತಿದ್ದೆ. ಅಮ್ಮ ಹತ್ತು ನಿಮಿಷ ಮುಂಚೆ ಗೋಡೆ ಹಿಡಿದು ಬಂದು ಮಿಷನ್ ಮುಂದೆ ಹೊಲಿಯುತ್ತಿರುವವಳಂತೆ ಕೂರುತ್ತಿದ್ದಳು. ದೀಪ ಆರಿದ ಮೇಲೆ ನಾನೇ ಎಬ್ಬಿಸಿ ಕರೆದುಕೊಂಡು ಹೋಗಿ ಮಲಗಿಸುತ್ತಿದ್ದೆ. ಐದು ತಿಂಗಳಿನಿಂದ ಹೊಲಿಗೆಯೆಲ್ಲ ನನ್ನದೇ. ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದಳು. ಟಿಕ್ ಹಾಕಲು ನನಗೆ ಬರುತ್ತದೆ. ಹಾಕಿದರೆ ನಾಳೆ ಹನ್ನೊಂದಕ್ಕೆ ಮತ್ತೆ ಎದ್ದು ಕೂರುತ್ತಾಳೆ, ಅದಕ್ಕೇ ಹಾಕಿಲ್ಲ. ರಜೆ ಕೇಳಿಕೊಂಡು ಬಾ.