ಇತರೆ ಅಂತ ಯಾಕೆ ಒತ್ತಿದೆ?

ಏನಪ್ಪಾ ಗದಿಗೆಪ್ಪ, ಬುದ್ಧಿ ಎಲ್ಲಿಟ್ಟು ಕೂತಿದ್ದೆ? ಕೈಯಲ್ಲಿರುವ ಅಂಗಿ ಪಕ್ಕಕ್ಕಿಡು. ಬಾಯಲ್ಲಿ ಕಚ್ಚಿಕೊಂಡ ಸೂಜಿ ತೆಗೆ. ಫೋನನ್ನು ಬೋರಲು ಹಾಕು, ಎಲ್ಲ ಶುರುವಾದದ್ದೇ ಅದರಿಂದ. ಆಮೇಲೆ ಇದನ್ನು ಪೂರ್ತಿ ಓದು, ನಡುವೆ ಏಳಬೇಡ.

ಇಸವಿ ಎರಡು ಸಾವಿರದ ನೂರ ತೊಂಬತ್ತೆಂಟು, ಹದಿಮೂರನೇ ತಿಂಗಳು, ನಾಲ್ಕನೇ ತಾರೀಖು. ಹದಿಮೂರನೆಯದು ಎಲ್ಲಿಂದ ಬಂತು ಎಂದು ಕಣ್ಣು ಬಿಡಬೇಡ. ಅದಕ್ಕೆ ಮತಮಾಸ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಓಟಿಗೆ ಒಂದು ಮತ, ದೇವರಿಗೆ ಒಂದು ಮತ, ಹೀಗೆ ಒಂದೇ ಮಾತಿಗೆ ಎರಡು ಅರ್ಥ ಇತ್ತಂತೆ. ಈಗ ಎರಡೂ ಒಂದೇ. ಆ ತಿಂಗಳೆಲ್ಲ ಮೆರವಣಿಗೆ, ಭಾಷಣ, ಮಂಗಳಾರತಿ. ಯಾವುದು ಎಲ್ಲಿ ಮುಗಿಯಿತು ಎನ್ನುವುದು ಮಾಡುವವರಿಗೂ ತಿಳಿಯುವುದಿಲ್ಲ.

ನಾನು ಸಂಕವ್ವ, ನಿನ್ನಿಂದ ಆರನೇ ತಲೆಮಾರಿನವಳು. ವಾವೆಯಲ್ಲಿ ನೀನು ನನಗೆ ಅಜ್ಜನ ಅಜ್ಜನಿಗೂ ಹಿರಿಯ. ಆದರೆ ಈ ಕಾಗದ ನಿನ್ನ ಕೈ ಸೇರುವಾಗ ನಿನಗೆ ಇಪ್ಪತ್ತಾರು, ನನಗೆ ಎಪ್ಪತ್ತೊಂಬತ್ತು. ಅದಕ್ಕೇ ಏಕವಚನ. ಊರ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತ ಕೈ ಇದು. ಅಕ್ಷರ ಸೊಟ್ಟಗಿದ್ದರೆ, ಮಾತು ವಿಚಿತ್ರ ಅನಿಸಿದರೆ ಸುಧಾರಿಸಿಕೋ. ಹಿಂದಂಚೆ ಎಂದು ಒಂದಿದೆ, ಕಾಲದ ಹಿಂದಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿನ್ನನ್ನು ಬೈಯಲು ಖರ್ಚು ಮಾಡುತ್ತಿದ್ದೇನೆ. ಎಷ್ಟು ಉರಿದಿರಬೇಕು, ನೋಡು.

ನೀನು ಮಾಡಿದ್ದು ದಾಖಲೆಯಲ್ಲಿದೆ. ಮಧ್ಯಾಹ್ನ ಮೂರೂ ಹನ್ನೆರಡಕ್ಕೆ, ಹಿರೇಕೆರೂರಿನಲ್ಲಿ ಮನೆಯ ಮುಂಭಾಗದ ನಿನ್ನ ಟೇಲರ್ ಅಂಗಡಿಯಲ್ಲಿ ಕೂತು, ಪುಕ್ಕಟೆ ಭವಿಷ್ಯ ಹೇಳುವ ಯಾವುದೋ ಆ್ಯಪ್ ತೆರೆದೆ. ಅದು ಹೆಸರು ಕೇಳಿತು, ಹೇಳಿದೆ. ನಿಮ್ಮ ಮನೆದೇವರು ಯಾವುದು ಎಂದು ಕೇಳಿ ಒಂದು ಪಟ್ಟಿ ತೋರಿಸಿತು. ದೊಡ್ಡ ದೊಡ್ಡ ದೇವರೆಲ್ಲ ಅದರಲ್ಲಿದ್ದರು, ನಮ್ಮವಳು ಇರಲಿಲ್ಲ. ಪಟ್ಟಿಯ ಕೊನೆಯಲ್ಲಿ 'ಇತರೆ' ಎಂದಿತ್ತು. ಒತ್ತಿದೆ. ನಾಲ್ಕು ಸೆಕೆಂಡು. ಗಿರಾಕಿಯ ತೋಳಿನ ಅಳತೆಯನ್ನು ಎರಡೆರಡು ಸಲ ಹಿಡಿಯುವವನು ನಿನ್ನ ಅಳತೆಯನ್ನು ಇನ್ನೊಬ್ಬರ ಟೇಪಿಗೆ ಬಿಟ್ಟುಕೊಟ್ಟೆ. ಭವಿಷ್ಯ ಏನು ಬಂತೋ ಗೊತ್ತಿಲ್ಲ. ಇಲ್ಲಿ ಬಂದದ್ದನ್ನು ಹೇಳುತ್ತೇನೆ.

ಯಾರು ಏನು ಒತ್ತಿದರು ಎನ್ನುವ ಪಟ್ಟಿಯನ್ನು ರಾಜಕೀಯದವರು ಕೊಂಡರು. ಅಪ್ಪ ಒತ್ತಿದ್ದೇ ಮಕ್ಕಳು ಮೊಮ್ಮಕ್ಕಳಿಗೂ ಇಳಿಯಿತು. ಇತರೆ ಒತ್ತಿದವರು ಲಕ್ಷಗಟ್ಟಲೆ ಇದ್ದಾರೆ ಎಂದು ಕಂಡದ್ದೇ ತಡ, ಒಬ್ಬ ನಾಯಕ ಹುಟ್ಟಿದ. ಇತರೆಯವರಿಗೆ ಅನ್ಯಾಯವಾಗಿದೆ ಎಂದ. ಅವನ ಮಗ ಇತರೇಶ್ವರನ ಗುಡಿ ಕಟ್ಟಿಸಿದ. ಮೊಮ್ಮಗ ಕಾವಿ ತೊಟ್ಟು ಪೀಠ ಏರಿದ. ನಗಬೇಡ ಗದಿಗೆಪ್ಪ. ಮೊದಮೊದಲು ನಮ್ಮವರೂ ನಕ್ಕರಂತೆ. ಈಗ ಇತರೇಶ್ವರನಿಗೆ ಜನ್ಮನಕ್ಷತ್ರವಿದೆ, ಸುಪ್ರಭಾತವಿದೆ, ಅವನನ್ನು ಆಡಿಕೊಂಡರೆ ಕಲ್ಲು ಬೀಳುತ್ತದೆ.

ಮನೆಮನೆಯ ಬಾಗಿಲಲ್ಲಿ ಗುರುತುಗನ್ನಡಿ ಇರುತ್ತದೆ. ಮುಖ ತೋರಿಸುವ ಮೊದಲು ಅದು ನೀನು ಯಾರು ಎಂದು ತೋರಿಸುತ್ತದೆ: ದೇವರು ಇತರೆ, ನಾಯಕ ಇಂಥವನು, ಇವತ್ತು ನಿನಗೆ ಸಿಟ್ಟು ಬರಬೇಕಾದ ಸುದ್ದಿ ಇದು. ಅದು ಮುಗಿದ ಮೇಲೆ ಕೂದಲು ಬಾಚಿಕೊಳ್ಳಬಹುದು. ನಲ್ಲಿ ತಿರುಗಿಸಿದರೆ ಮೊದಲು ಸುಪ್ರಭಾತ, ಆಮೇಲೆ ನೀರು. ನಾನು ಹಾಲಿನವಳೊಂದಿಗೆ ಜಗಳವಾಡಿದರೆ ಮರುದಿನ ಕನ್ನಡಿ ಅವಳ ಮತದವರ ತಪ್ಪನ್ನೆಲ್ಲ ಸಾಲಾಗಿ ತೋರಿಸುತ್ತದೆ. ಜಗಳ ನೀರು ಬೆರೆಸಿದ್ದಕ್ಕಾಗಿತ್ತು. ಸಂಜೆಯ ಹೊತ್ತಿಗೆ ನನಗೇ ಅದು ಮರೆತಿರುತ್ತದೆ.

ಹದಿನಾರು ತುಂಬಿದವರು ಒಪ್ಪುಹೆಬ್ಬೆಟ್ಟು ಒತ್ತಬೇಕು. ಕನ್ನಡಿ ಹೇಳಿದ್ದೇ ನಾನು ಎಂದು ಒಪ್ಪಿದ ಹಾಗೆ. ಒಮ್ಮೆ ಒತ್ತಿದರೆ ಸಾಯುವತನಕ ತಿದ್ದುವಂತಿಲ್ಲ. ನಾನೂ ಒತ್ತಿದವಳೇ, ಬೇಡ ಎನ್ನಬಹುದು ಎಂದು ನನಗೆ ಹೇಳುವವರು ಇರಲಿಲ್ಲ. ಮುಂದಿನ ತಿಂಗಳ ಮೊದಲ ದಿನ ನನ್ನ ಮೊಮ್ಮಗಳು ಸಂಪಿಗೆಯ ಸರದಿ. ಹೋದ ವರ್ಷ ಇತರೇಶ್ವರನ ಸುಪ್ರಭಾತವನ್ನು ಮೂಗಿನಲ್ಲಿ ಹಾಡಿ ನಗಿಸುತ್ತಿದ್ದ ಹುಡುಗಿ ಮೊನ್ನೆ ಊಟಕ್ಕೆ ಕೂತವಳು, "ನಾವು ಇತರೆ ಮಂದಿ ಇನ್ನ ಸುಮ್ಮನ ಕುಂದ್ರಂಗಿಲ್ಲ," ಎಂದಳು. ಕನ್ನಡಿಯ ದನಿ ಅದು.

ಗುರುತಿನ ಕಚೇರಿಗೆ ಹೋಗಿ ಸಂಪಿಗೆಯ ಹೆಸರಿನ ಮುಂದಿರುವ 'ಇತರೆ' ತಿದ್ದಿಕೊಡಿ ಎಂದೆ. ಗುಮಾಸ್ತ, "ಮೊದಲ ಯಾರು ತುಂಬಿದ್ರೋ ಅವರ ಕೈಬರಹ ತಗೊಂಡು ಬಾ, ಆಯಿ," ಎಂದ. "ಆತ ಸತ್ತು ನೂರು ವರ್ಷದ ಮೇಲಾತಲ್ಲೋ," ಎಂದೆ. "ಹಂಗಾರ ಭಾಳ ತಡಾ ಮಾಡೀದಿ ಬಿಡು," ಎಂದು ಮುಂದಿನವರನ್ನು ಕರೆದ.

ಈಗ ನನ್ನ ಕೆಲಸದ ಮಾತು ಕೇಳು. ನಮ್ಮ ಮನೆಯ ಹೆಂಗಸರು ಇವತ್ತಿಗೂ ಹೊಸ ಬಟ್ಟೆ ಹೊಲಿದಾಗ ಕೊನೆಯ ದಾರವನ್ನು ಕತ್ತರಿಸುವುದಿಲ್ಲ, ಬೆರಳುದ್ದ ಜೋತು ಬಿಡುತ್ತಾರೆ. ಬಿಡುವಾಗ "ಅವ್ವನ ಪಾಲು" ಎನ್ನುತ್ತಾರೆ. ಮೊದಲು ಅದು ಬರೀ ಅವ್ವ ಆಗಿರಲಿಲ್ಲವಂತೆ, ಹಿಂದೆ ಒಂದು ಹೆಸರಿತ್ತಂತೆ. ಬಾಯಿಂದ ಬಾಯಿಗೆ ಬರುತ್ತ ಹೆಸರು ಸವೆದು ಬಾಲವಷ್ಟೇ ನಮಗೆ ಸಿಕ್ಕಿದೆ. ಸಂಪಿಗೆಗೆ ಇದನ್ನು ಹೇಳಿದೆ. ತನ್ನ ಲಂಗದ ಅಂಚಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಹೆಸರರ ಗೊತ್ತಿದ್ರ ನಾ ಒತ್ತಂಗಿಲ್ಲ ಅಂತಿದ್ದೆ, ಆಯಿ. ಬರೇ ಬ್ಯಾಡ ಅಂದ್ರ, ಮತ್ತ ನೀ ಯಾರು ಅಂತ ಕೇಳ್ತಾರ. ಏನ ಹೇಳ್ಲಿ?"

ಅದಕ್ಕೆ ಉತ್ತರ ನಿನ್ನಲ್ಲಿದೆ. ನಿನಗೆ ಗೊತ್ತಿಲ್ಲದಿದ್ದರೆ ನಿನ್ನವ್ವನಿಗೆ ಗೊತ್ತಿದೆ, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಳೆ, ಎದ್ದು ಹೋಗಿ ಕೇಳು. ದಾರ ಬಿಡುವಾಗ ಯಾವ ಅವ್ವನ ಹೆಸರು ಹೇಳುತ್ತೀ ಎಂದು ಕೇಳು. ಅದು ಹೊಲದ ಬದುವಿನ ಕಲ್ಲಿನ ಹೆಸರಾಗಿರಲಿ, ಗುಡಿಯಿಲ್ಲದಿರಲಿ, ದೇವರೇ ಅಲ್ಲದೆ ಹೊಲಿಗೆ ಕಲಿಸಿ ಸತ್ತ ಯಾವಳೋ ಮುದುಕಿಯೇ ಆಗಿರಲಿ. ಫೋನಿನಲ್ಲಿ ಬೇಡ. ಕಾಗದದ ಮೇಲೆ, ನಿನ್ನ ಕೈಯಿಂದ, ಕೆಳಗೆ ಸಹಿ ಹಾಕಿ ಬರೆ. ಬರೆದದ್ದನ್ನು ಮಡಚಿ ನಿನ್ನ ಕಪ್ಪು ಹೊಲಿಗೆ ಯಂತ್ರದ ಬಲಗಡೆಯ ಖಾನೆಯೊಳಗೆ, ತಳದ ಹಲಗೆಯ ಕೆಳಗೆ ಇಡು. ಆ ಯಂತ್ರ ಈಗ ನನ್ನ ಪಡಸಾಲೆಯಲ್ಲಿದೆ, ತುಕ್ಕು ಹಿಡಿದಿದ್ದರೂ ಖಾನೆ ತೆಗೆಯಲು ಬರುತ್ತದೆ.

ಈ ಕಾಗದ ಬರೆಯಲು ಕೂತಂದಿನಿಂದ ದಿನಾ ಬೆಳಿಗ್ಗೆ ಹಲಗೆ ಎತ್ತಿ ನೋಡುತ್ತೇನೆ. ಇವತ್ತೂ ಖಾಲಿ. ಅಂದರೆ ನೀನಿನ್ನೂ ಬರೆದಿಲ್ಲ, ನಾಳೆ ನೋಡೋಣ ಎಂದು ಮತ್ತೆ ಫೋನು ಕೈಗೆತ್ತಿಕೊಂಡಿದ್ದೀ. ಸಂಪಿಗೆ ಈಗ ನನಗಿಂತ ಮೊದಲೇ ಎದ್ದು ಖಾನೆ ತೆಗೆಯುತ್ತಿದ್ದಾಳೆ, ನನಗೆ ಗೊತ್ತಾಗಬಾರದೆಂದು ಸದ್ದಿಲ್ಲದೆ ಮುಚ್ಚುತ್ತಾಳೆ. ಮತಮಾಸ ಮುಗಿಯುವುದರೊಳಗೆ ನಿನ್ನ ಉತ್ತರ ಅಲ್ಲಿರಬೇಕು. ಏಳು, ಹಿತ್ತಲಿಗೆ ಹೋಗು.