ಇಮಾನೊಲ್ ಊರೆಲ್ಲ ಸುತ್ತಿ ತಿಂದ ದಿನ

ಡೊನೊಸ್ಟಿಯಾ
ಅಕ್ಟೋಬರ್ 18, ಶನಿವಾರ ಬೆಳಿಗ್ಗೆ

ಪ್ರೀತಿಯ ಕೊರೊ ಅಕ್ಕ,

ಹೋದ ಪತ್ರದಲ್ಲಿ ನೀನು ಕೇಳಿದ್ದ ಒಂದು ಪ್ರಶ್ನೆಗೆ ನಾನು ಉತ್ತರ ಬರೆದಿರಲಿಲ್ಲ. ಇಮಾನೊಲ್ ಬಾಯಿಂದ ಏನಾದರೂ ತಿನ್ನುತ್ತಿದ್ದಾನಾ ಎಂದು ಕೇಳಿದ್ದೆ. ಆಗ ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ. ನಿಮ್ಮ ಸನ್ಯಾಸಿನಿಯರ ಮಠದಲ್ಲಿ ಪತ್ರಗಳನ್ನು ಮದರ್ ಮೊದಲು ಓದುತ್ತಾರೆಂದು ಗೊತ್ತು. ಇದರಲ್ಲಿ ಹೊಟ್ಟೆಬಾಕತನದ ಪಾಪ ಬೇಕಾದಷ್ಟಿದೆ. ಅಷ್ಟನ್ನೂ ನನ್ನ ಹೆಸರಿಗೇ ಹಾಕಿಕೊಳ್ಳಲಿ ಎಂದು ಹೇಳು.

ಕ್ಯಾನ್ಸರಿಗೆಂದು ಅವನ ನಾಲಿಗೆಯ ಅರ್ಧ ಕತ್ತರಿಸಿ ಮುಂಗೈಯ ಮಾಂಸ ಹೊಲಿದದ್ದು, ಹೊಟ್ಟೆಗೆ ನಳಿಕೆ ಇಟ್ಟದ್ದು, ಇದನ್ನೆಲ್ಲ ಆಗಲೇ ಬರೆದಿದ್ದೆ. ಬರೆಯದೆ ಬಿಟ್ಟದ್ದು ಆಮೇಲಿನ ತಿಂಗಳುಗಳನ್ನು. ಇಡೀ ದಿನ ಊರಿನ ಬಸ್ಸು ಓಡಿಸಿ, ಶನಿವಾರ ಬಂತೆಂದರೆ ಗೆಳೆಯರ ಅಡುಗೆ ಸಂಘದಲ್ಲಿ ಸೌಟು ಹಿಡಿದು ಎಲ್ಲರ ಮೇಲೂ ರೇಗಾಡುತ್ತಿದ್ದ ನನ್ನ ಗಂಡ, ನಮ್ಮ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟ. ಕೆಪಾ ಮತ್ತು ಉಳಿದ ಗೆಳೆಯರು ಬಂದು ಕೆಳಗಿನ ಗಂಟೆ ಒತ್ತಿದರೆ, 'ಮಲಗಿದಾನೆ ಅನ್ನು' ಎಂದು ಕೈಸನ್ನೆ ಮಾಡಿ ಒಳಕೋಣೆಗೆ ಹೋಗುತ್ತಿದ್ದ. ನಾನು ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಮೀನು ಹುರಿದ ವಾಸನೆ ಅವನ ಮೂಗಿಗೆ ಬಿದ್ದರೆ ಹೇಗಾಗಬೇಡ? ಕೆಳಗಿನ ಮನೆಯ ಎಲ್ಬಿರಾಳ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದು, ಬಾಯಿ ಮುಕ್ಕಳಿಸಿ, ಏನೂ ಗೊತ್ತಿಲ್ಲದವಳ ಹಾಗೆ ಮೇಲೆ ಬರುತ್ತಿದ್ದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಆಸ್ಪತ್ರೆಯವರು, ಮೆತ್ತಗಿನದನ್ನು ಬಾಯಿಂದ ಕೊಡಬಹುದು ಎಂದರು. ಗದ್ದ ಎದೆಗೆ ತಾಗಿಸು, ನುಂಗು, ಕೆಮ್ಮು, ಇನ್ನೊಮ್ಮೆ ನುಂಗು ಎಂದು ಹೇಳಿಕೊಟ್ಟರು. ರುಚಿ ಮರಳಿ ಬರುವುದೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಅವನು ಬಾಗಿಲು ಹಾಕಿಕೊಂಡು ಮೊಸರಿನ ಬಟ್ಟಲಿನೊಂದಿಗೆ ಒಬ್ಬನೇ ಕೂರುತ್ತಿದ್ದ. ಎಡತುಟಿಯಿಂದ ಸೋರಿದ್ದು ಅವನಿಗೆ ತಿಳಿಯುವುದಿಲ್ಲ ಅಕ್ಕ, ಆ ಕಡೆ ಸ್ಪರ್ಶವೇ ಇಲ್ಲ. ಅದನ್ನು ಯಾರೂ ನೋಡಬಾರದು, ನಾನೂ ನೋಡಬಾರದು.

ನಿನ್ನೆ ಬೆಳಿಗ್ಗೆ ತೆಂಕಣ ಗಾಳಿ ಎದ್ದಿತ್ತು. ಗೊತ್ತಲ್ಲ, ಅಕ್ಟೋಬರಿನಲ್ಲಿ ಆ ಗಾಳಿ ಬಂದರೆ ಬೆಟ್ಟಗಳೆಲ್ಲ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಲ್ಲುತ್ತವೆ, ಜನ ಸ್ವಲ್ಪ ತಲೆಕೆಟ್ಟವರ ಹಾಗೆ ಆಡುತ್ತಾರೆ. ನಾನು ಬಟ್ಟೆ ಒಣಹಾಕುತ್ತಿದ್ದೆ. ಹಿಂದೆ ತಿರುಗಿದರೆ ಇಮಾನೊಲ್ ನೀಲಿ ಅಂಗಿ ಹಾಕಿ, ತಲೆಗೆ ಟೋಪಿ ಇಟ್ಟುಕೊಂಡು ಬಾಗಿಲ ಬಳಿ ನಿಂತಿದ್ದ.

"ಶೂ ಹಾಕ್ಕೋ," ಎಂದ. ಅವನ ಮಾತು ಈಗ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ ಕೇಳಿಸುತ್ತದೆ. ನನಗೆ ಅರ್ಥವಾಗುತ್ತದೆ.

"ಎಲ್ಲಿಗೆ?"

"ತಿನ್ನೋಕೆ."

"ಯಾರು?"

"ಇಬ್ರೂ. ಬೇಗ ಬಾ, ಆಮೇಲೆ ಮನಸ್ಸು ಬದಲಾಗತ್ತೆ."

ಯಾರ ಮನಸ್ಸು ಎಂದು ಕೇಳಲಿಲ್ಲ. ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು ಹೊರಟೆ.

ಮೊದಲು ನಮ್ಮ ಗ್ರೋಸ್ ಕೇರಿಯ ಮೂಲೆಯ ಬಾರು. ಒಳಗೆ ನಾಲ್ಕೇ ಜನ. ಅವನು ಗೋಡೆಗೆ ಮುಖ ಮಾಡಿ ನಿಂತು ಸಾರು ಕೇಳಿದ. ಮೂಳೆ, ಕೋಳಿ, ಕಡಲೆ ಹಾಕಿ ಬೆಳಗಿನಿಂದ ಕುದಿಸಿದ ತಿಳಿಸಾರು, ಗಾಜಿನ ಲೋಟದಲ್ಲಿ ಬಂತು. ಎರಡು ಕೈಯಲ್ಲೂ ಲೋಟ ಹಿಡಿದುಕೊಂಡ. ಗದ್ದ ಎದೆಗೆ ತಾಗಿಸಿದ. ಅಕ್ಕ, ನಮ್ಮ ಮಗು ಮೊದಲ ಹೆಜ್ಜೆ ಇಟ್ಟಾಗಲೂ ನಾನು ಹಾಗೆ ಉಸಿರು ಹಿಡಿದಿರಲಿಲ್ಲ. ಗಂಟಲಿನ ಉಬ್ಬು ಮೇಲೆ ಹೋಯಿತು, ಕೆಳಗೆ ಬಂತು. ಕೆಮ್ಮಿದ. ಇನ್ನೊಮ್ಮೆ ನುಂಗಿದ. ಆಮೇಲೆ ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ನಿಂತ. ಬಿಸಿ ಎದೆಯಲ್ಲಿ ಇಳಿಯುವುದನ್ನು ನೋಡುತ್ತಿದ್ದಾನೆ ಎನ್ನಿಸಿತು. ಒಬ್ಬ ಮನುಷ್ಯ ಸಾರು ನುಂಗುವುದರಲ್ಲಿ ಇಷ್ಟೊಂದು ಕೆಲಸ ಇದೆಯೆಂದು, ಇಷ್ಟು ದಿನ ಬದುಕಿ ನನಗೆ ಗೊತ್ತೇ ಇರಲಿಲ್ಲ.

ಅರ್ಧ ಲೋಟ ಮುಗಿಯುವುದಕ್ಕೆ, ಬೇರೆಯವರು ಇಡೀ ಊಟ ಮುಗಿಸುವಷ್ಟು ಹೊತ್ತಾಯಿತು. ಮನೆಗೆ ಹೋಗೋಣ ಎನ್ನುತ್ತಾನೆ ಎಂದುಕೊಂಡೆ. ಅವನು ತುಟಿ ಒರೆಸಿಕೊಂಡು ಮುಂದಿನ ಬೀದಿಯತ್ತ ನಡೆದ.

ಅಲ್ಲಿ ಮೊಟ್ಟೆ, ಆಲೂಗಡ್ಡೆ, ಈರುಳ್ಳಿಯ ದಪ್ಪ ರೊಟ್ಟಿಯನ್ನು ಆಗಷ್ಟೇ ಬಾಣಲೆಯಿಂದ ತಟ್ಟೆಗೆ ಮಗುಚಿದ್ದರು. ಚಾಕು ಹಾಕಿದರೆ ನಡುವಿನಿಂದ ಹಳದಿ ಹರಿಯಿತು. ಅವನು ಒಂದು ತುಂಡು ಕೇಳಿ, ಅಂಚು ಬಿಟ್ಟು, ಹರಿಯುವ ನಡುಭಾಗವನ್ನಷ್ಟೇ ಚಮಚದ ತುದಿಯಲ್ಲಿ ತೆಗೆದುಕೊಂಡ. ಒಲೆಯ ಮುಂದಿದ್ದ ಹೆಂಗಸು ಸೌಟು ಕೆಳಗಿಟ್ಟು ಅವನನ್ನೇ ನೋಡುತ್ತಿದ್ದಳು. ಅವನು ನುಂಗಿದ, ಕೆಮ್ಮಿದ, ಮತ್ತೆ ನುಂಗಿದ. ಆಮೇಲೆ ಅವಳ ಕಡೆ ಬೆರಳು ಎತ್ತಿದ.

"ಈರುಳ್ಳಿ ಸಣ್ಣ ಉರೀಲಿ ಬೇಯ್ಸಿದೀಯ. ಸಿಹಿ ಬಂದಿದೆ."

ನಾನು ಅದನ್ನು ಅವಳಿಗೆ ಅರ್ಥವಾಗುವ ಹಾಗೆ ತಿರುಗಿ ಹೇಳಿದೆ. ಅವಳು ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, "ಇವ್ನು ಬಾಯಿ ಬಿಟ್ರೆ ಬೈತಾನೆ ಅಂತ ಹೆದ್ರಿದ್ದೆ," ಎಂದಳು. "ಮುಂಚೆ ಬೈತಿದ್ನಲ್ಲ."

"ಇನ್ಮೇಲೂ ಬೈತೀನಿ," ಎಂದ ಇಮಾನೊಲ್. ಇದನ್ನು ತಿರುಗಿ ಹೇಳಬೇಕಾಗಲಿಲ್ಲ.

ರುಚಿ ಬಂದಿದೆ, ಬಂದಿದೆ ಎಂದು ನನ್ನ ಒಳಗೆ ಯಾರೋ ಕೂಗುತ್ತಿದ್ದರು. ಬಾಯಿ ತೆರೆದು ಕೇಳಲು ಧೈರ್ಯ ಬರಲಿಲ್ಲ. ಕೇಳಿದರೆ ಓಡಿಹೋಗುತ್ತದೇನೋ.

ಉರುಮೆಯಾ ನದಿ ಸಮುದ್ರ ಸೇರುವ ಕಡೆಯ ಸೇತುವೆ ದಾಟಿದೆವು. ಉಬ್ಬರದ ಹೊತ್ತು. ಅಲೆಗಳು ನದಿಯೊಳಗೇ ನುಗ್ಗಿ ಕಂಬಗಳಿಗೆ ಹೊಡೆಯುತ್ತಿದ್ದವು. ಆ ಕಡೆ ಹಳೆ ಊರಿನ ಮೊದಲ ಓಣಿಯಲ್ಲಿ ಅವನು ಕಾಡಣಬೆ ಹುರಿಸಿದ. ಮೇಲೆ ಹಸಿ ಮೊಟ್ಟೆಯ ಹಳದಿ, ಸ್ವಲ್ಪ ಬೆಳ್ಳುಳ್ಳಿ. ತಟ್ಟೆ ಬಂದಾಗ ನನ್ನ ಮುಂದೆ ತಳ್ಳಿದ.

"ನಿಂಗೆ."

"ನಂಗೆ ಹಸಿವಿಲ್ಲ."

"ಸುಳ್ಳು ಹೇಳ್ಬೇಡ ಅರ್ರಾತೆ. ನೀನು ಅಗಿಯೋದನ್ನ ನೋಡಿ ಒಂದ್ ವರ್ಷ ಆಯ್ತು." ಫೋರ್ಕ್ ನನ್ನ ಕೈಗೆ ಕೊಟ್ಟು, "ಎಲ್ಬಿರಾ ಮನೆ ಮೆಟ್ಲು ಇಳಿಯೋ ಸದ್ದು ನಂಗೆ ಕೇಳಿಸ್ತಿರ್ಲಿಲ್ಲ ಅಂದ್ಕೊಂಡಿದ್ಯಾ?" ಎಂದ.

ಅಕ್ಕ, ನಾನು ತಿಂದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಲ್ಲಿ ಕಾಡು ಇತ್ತು. ಮಳೆ ನಿಂತ ಮೇಲೆ ಬೆಟ್ಟದ ಮರಗಳ ಕೆಳಗೆ ಏಳುವ ಮಣ್ಣಿನ ವಾಸನೆ, ಬೆಣ್ಣೆಯಂಥ ಹಳದಿ, ಹಲ್ಲಿಗೆ ಸಿಕ್ಕಿ ಜಾರುವ ಅಣಬೆ. ನಿಂತು ಕದ್ದು ತಿಂದದ್ದಕ್ಕೆ ರುಚಿಯೇ ಇರುವುದಿಲ್ಲ, ಹೊಟ್ಟೆ ತುಂಬುತ್ತದೆ ಅಷ್ಟೆ. ಅವನು ಗದ್ದಕ್ಕೆ ಕೈಕೊಟ್ಟು ನನ್ನ ಬಾಯನ್ನೇ ನೋಡುತ್ತಿದ್ದ. ಮೂವತ್ತೈದು ವರ್ಷ ಜೊತೆಗಿದ್ದ ಹೆಂಡತಿಯನ್ನು ಯಾರೂ ಹಾಗೆ ನೋಡುವುದಿಲ್ಲ. ನಾಚಿಕೆಯಾಯಿತು, ಆದರೂ ತಟ್ಟೆ ಬಿಡಲಿಲ್ಲ.

ಆಮೇಲೆ ಅವನ ಗೆಳೆಯರು ದಿನಾ ಸೇರುವ ಪಕೀಟಾಳ ಬಾರು. ಅಲ್ಲಿಗೇ ಹೋಗುತ್ತಾನೆಂದು ತಿಳಿದಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಮಧ್ಯಾಹ್ನದ ಹೊತ್ತು, ಒಳಗೆ ಭುಜಕ್ಕೆ ಭುಜ ತಾಗುವಷ್ಟು ಜನ, ನೆಲದ ತುಂಬ ಒರೆಸಿ ಎಸೆದ ಕಾಗದ. ಕೌಂಟರ್ ಕಟ್ಟೆಯ ಆ ತುದಿಯಲ್ಲಿ ಕೆಪಾ ಮತ್ತು ಗೆಳೆಯರ ಬಳಗ ಎಂದಿನಂತೆ ನಿಂತಿತ್ತು. ಇಮಾನೊಲ್‌ನನ್ನು ಕಂಡು ಅವರ ಮಾತು ಅಲ್ಲಿಗೇ ನಿಂತಿತು. ಯಾರೂ ಅಪ್ಪಿಕೊಳ್ಳಲಿಲ್ಲ, ಹೇಗಿದ್ದೀಯ ಎನ್ನಲಿಲ್ಲ. ಕೆಪಾ ಸ್ವಲ್ಪ ಪಕ್ಕಕ್ಕೆ ಸರಿದು ಒಬ್ಬನಿಗೆ ಆಗುವಷ್ಟು ಜಾಗ ಮಾಡಿದ.

"ಒಂದ್ ವರ್ಷದಿಂದ ನಿನ್ ಲೋಟಾನೂ ನಾನೇ ಕುಡೀತಿದೀನಿ ಮಾರಾಯ," ಎಂದ. "ನನ್ ಲಿವರ್ ನಿಂಗೆ ಶಾಪ ಹಾಕ್ತಿದೆ. ಬಂದು ನಿಂದು ನೀನು ಕುಡಿ."

ಚಕೊಲಿ ವೈನನ್ನು ಮೇಲಿನಿಂದ ಎತ್ತಿ ಸುರಿದರು. ಇಮಾನೊಲ್ ತುಟಿ ಒದ್ದೆ ಮಾಡಿಕೊಂಡ. ಪಕೀಟಾ ಕೆಂಪು ವೈನಿನಲ್ಲಿ ಬೇಯಿಸಿದ ಕರುವಿನ ಕೆನ್ನೆಮಾಂಸ ಇಟ್ಟಳು. ಚಮಚ ತಾಗಿದರೆ ಬಿಟ್ಟುಕೊಳ್ಳುವಷ್ಟು ಮೆತ್ತಗಿತ್ತು. ಎಲ್ಲರೂ ಬೇರೆ ಕಡೆ ನೋಡುವ ನಾಟಕ ಮಾಡುತ್ತ ಅವನನ್ನೇ ನೋಡುತ್ತಿದ್ದರು. ಅವನು ಗದ್ದ ತಗ್ಗಿಸಿ ನುಂಗಿದ.

ಅದು ಇಳಿಯಲಿಲ್ಲ.

ಮೊದಲು ಸಣ್ಣ ಕೆಮ್ಮು. ಆಮೇಲೆ ಕೆಮ್ಮೂ ಇಲ್ಲ. ಮುಖ ಕೆಂಪಾಗಿ, ನೀಲಿಗೆ ತಿರುಗಿತು. ಕಟ್ಟೆಯನ್ನು ಹಿಡಿದ ಅವನ ಬೆರಳುಗಳು ಬಿಳಿಚಿದವು. ನಾನು ಅವನ ಬೆನ್ನಿಗೆ ಹೊಡೆದೆ, ಇನ್ನೊಮ್ಮೆ ಹೊಡೆದೆ. ಕೆಪಾ ಹಿಂದಿನಿಂದ ಸೊಂಟಕ್ಕೆ ಕೈ ಹಾಕಿ ಎತ್ತಿ ಒತ್ತಿದ. ಅಷ್ಟು ಗದ್ದಲದ ಬಾರಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯ ಗುಂಯ್ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಮೂರನೆಯ ಸಲ ಒತ್ತಿದಾಗ ಮಾಂಸದ ಎಳೆ, ಸಾರು, ವೈನು, ಎಲ್ಲವೂ ಕಟ್ಟೆಯ ಮೇಲೆ, ಅವನ ನೀಲಿ ಅಂಗಿಯ ಮೇಲೆ ಬಿತ್ತು.

ಉಸಿರು ಬಂತು. ಅದರ ಜೊತೆಗೇ ಅವನು ಒಂದು ವರ್ಷ ಹೆದರಿದ್ದ ಕ್ಷಣವೂ ಬಂತು. ಊರೆಲ್ಲ ನೋಡುತ್ತಿತ್ತು, ಅವನ ತುಟಿಯಿಂದ ಇಳಿಯುತ್ತಿತ್ತು. ಅವನು ತಲೆ ಎತ್ತಲಿಲ್ಲ. ಇನ್ನು ಇವನು ಯಾವತ್ತೂ ಮನೆಯಿಂದ ಹೊರಗೆ ಬರುವುದಿಲ್ಲ ಎಂದುಕೊಂಡು ನಾನು ಅವನ ತೋಳು ಹಿಡಿದು ಬಾಗಿಲ ಕಡೆ ಎಳೆದೆ.

ಆಗ ಪಕೀಟಾ ಬಟ್ಟೆ ತಂದು ಕಟ್ಟೆ ಒರೆಸಿದಳು. ವೈನು ಚೆಲ್ಲಿದಾಗ ದಿನಕ್ಕೆ ನೂರು ಸಲ ಒರೆಸುವ ಹಾಗೆಯೇ, ಮುಖವನ್ನೂ ನೋಡದೆ ಒರೆಸಿದಳು. ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ಅದೇ ಜಾಗದಲ್ಲಿ ಇಟ್ಟಳು.

"ಎಳೆ ಇತ್ತು ಅದ್ರಲ್ಲಿ. ಇದನ್ನ ಅರೆದಿದೀನಿ," ಎಂದಳು. "ತಣ್ಣಗಾಗ್ಬಿಡತ್ತೆ, ತಿನ್ನು."

ಕೆಪಾ ಕಾಗದ ಎಳೆದು ಇಮಾನೊಲ್‌ನ ಗದ್ದ ಒರೆಸಿ ನೆಲಕ್ಕೆ ಎಸೆದ. ಅಲ್ಲಿದ್ದ ನೂರಾರು ಕಾಗದಗಳಲ್ಲಿ ಅದೂ ಒಂದಾಯಿತು. "ಹಾಡುವಾಗ್ಲೂ ಇವ್ನು ಹೀಗೇ ಉಗೀತಿದ್ದ," ಎಂದು ಪಕ್ಕದವನಿಗೆ ಹೇಳಿದ. "ಮುಂದಿನ ಸಾಲಿನವ್ರು ಕೊಡೆ ತರ್ತಿದ್ರು."

ಯಾರೋ ನಕ್ಕರು. ಆಮೇಲೆ ನಾನು ಜೀವನದಲ್ಲಿ ಕಂಡಿರದ ಒಂದು ಸಂಗತಿ ನಡೆಯಿತು. ಆ ಬಾರಿನಲ್ಲಿದ್ದ ಪ್ರತಿಯೊಬ್ಬರೂ, ಅವನ ಪರಿಚಯವೇ ಇಲ್ಲದವರೂ, ಒಟ್ಟಿಗೇ ಬೆನ್ನು ತಿರುಗಿಸಿಕೊಂಡು ತಮ್ಮ ತಮ್ಮ ಮಾತಿಗೆ ಮರಳಿದರು. ಫುಟ್‌ಬಾಲು, ಗಾಳಿ, ಬಾಡಿಗೆ. ಬೇಕೆಂದೇ ಜೋರಾಗಿ. ಅಷ್ಟು ಗದ್ದಲವನ್ನು ಒಬ್ಬ ಮನುಷ್ಯನ ಸುತ್ತ ಗೋಡೆಯ ಹಾಗೆ ಕಟ್ಟಿಕೊಟ್ಟರು. ನಿಮ್ಮ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ಮಂಡಿಯೂರಿದಾಗ ನನ್ನ ಮೈ ಜುಮ್ಮೆನ್ನುತ್ತದೆ ಎಂದು ಒಮ್ಮೆ ಹೇಳಿದ್ದೆನಲ್ಲ, ನಿನ್ನೆ ಪಕೀಟಾಳ ಬಾರಿನಲ್ಲಿ ಅದಕ್ಕಿಂತ ಹೆಚ್ಚಾಗಿ ಜುಮ್ಮೆಂದಿತು. ಮದರ್ ಕ್ಷಮಿಸಲಿ.

ಇಮಾನೊಲ್ ಆ ಗೋಡೆಯೊಳಗೆ ನಿಂತು ಚಮಚ ಎತ್ತಿಕೊಂಡ. ನುಂಗಿದ. ಕೆಮ್ಮಿದ. ನುಂಗಿದ. ತಟ್ಟೆ ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ. ಎಡತುಟಿಯಿಂದ ಸಾರು ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ, ನಾವೂ ಒರೆಸಲಿಲ್ಲ. ಕೊನೆಯಲ್ಲಿ ಪಕೀಟಾಳಿಗೆ, "ವೈನು ಒಳ್ಳೇದೇ ಹಾಕಿದೀಯ, ಪರ್ವಾಗಿಲ್ಲ," ಎಂದ. ಅವಳು ತಿರುಗಿ, "ನಿನ್ನ ಸರ್ಟಿಫಿಕೇಟಿಗೇ ಕಾಯ್ತಿದ್ದೆ," ಎಂದು ಒಳಗೆ ಹೋದಳು. ಅಡುಗೆಮನೆಯ ಪರದೆಯ ಹಿಂದೆ ಅವಳು ಮೂಗು ಸೀಟಿಕೊಂಡ ಸದ್ದು ನನಗೆ ಕೇಳಿಸಿತು.

ಸಂಜೆಗೆ ಬಂದರಿನ ಬಳಿ ಮೇಲ್ಮೈ ಸುಟ್ಟ ಚೀಸ್ ಕೇಕ್ ಒಂದನ್ನು ಇಬ್ಬರೂ ಹಂಚಿಕೊಂಡೆವು. ನಡುವೆ ಅದು ಮೊಸರಿನಷ್ಟು ಸಡಿಲವಾಗಿತ್ತು. ಅವನಿಗೆ ನಡುಭಾಗ, ನನಗೆ ಅಂಚು. ದೋಣಿಗಳು ಒಳಗೆ ಬರುತ್ತಿದ್ದವು. ಕೊಲ್ಲಿಯ ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅವನ ಅಂಗಿಯ ಮೇಲೆ ಊರಿನ ಎಲ್ಲ ಬಾರುಗಳ ಕಲೆಯೂ ಇತ್ತು. ಮೊದಲ ಊಟ ಮಾಡಿದ ಮಗುವಿನ ಹಾಗೆ ಕಾಣುತ್ತಿದ್ದ. ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು, "ಸುಸ್ತಾಯ್ತು," ಎಂದ. "ಬಸ್ಸು ಓಡ್ಸೋದಕ್ಕಿಂತ ಜಾಸ್ತಿ."

ಅಕ್ಕ, ಅವನ ಗಂಟಲಿಗೋಸ್ಕರ ನೀನು ಇಷ್ಟು ದಿನ ಪ್ರಾರ್ಥಿಸಿದೆ. ಇನ್ನು ಅವನ ಶೌರ್ಯಕ್ಕಾಗಿಯೂ ಒಂದು ಮಾತು ದೇವರಿಗೆ ಹೇಳು. ಕೇಳಿಕೊಳ್ಳುವುದು ಏನೂ ಬೇಡ, ನೋಡು ಇಂಥವನು ಇದ್ದಾನೆ ಎಂದು ತೋರಿಸಿದರೆ ಸಾಕು.

ನಿನ್ನ ಚಳಿಗೆ ಉಣ್ಣೆಯ ಕಾಲುಚೀಲ ಬೇರೆ ಕಳಿಸುತ್ತಿದ್ದೇನೆ.

ಹೊಟ್ಟೆ ತುಂಬಿದ ನಿನ್ನ ತಂಗಿ,
ಅರ್ರಾತೆ

ಮತ್ತೆ: ಪತ್ರ ಮಡಿಸುವ ಮುಂಚೆ, ಅಕ್ಕನಿಗೆ ಬರೆಯಬೇಕು, ನಿನ್ನೆ ತಿಂದದ್ದರಲ್ಲಿ ಯಾವುದು ಎಲ್ಲಕ್ಕಿಂತ ರುಚಿಯಾಗಿತ್ತು ಹೇಳು ಎಂದು ಅವನನ್ನು ಕೇಳಿದೆ. ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ. "ನಂಗೆ ರುಚಿ ಹತ್ತಲಿಲ್ಲ ಅರ್ರಾತೆ," ಎಂದ. "ಯಾವುದ್ರದ್ದೂ ಹತ್ತಲಿಲ್ಲ. ಬಿಸಿ, ತಣ್ಣಗೆ, ಮೆತ್ತಗೆ, ಅಷ್ಟೇ ಗೊತ್ತಾಗತ್ತೆ. ಅವ್ರಿಗೆಲ್ಲ ನೆನಪಿಂದ ಹೇಳ್ದೆ." ನಾನು ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕುಳಿತುಬಿಟ್ಟೆ. ಹಾಗಾದರೆ ಅಷ್ಟೊಂದು ಕಷ್ಟಪಟ್ಟು ದಿನವಿಡೀ ಯಾಕೆ ತಿಂದೆ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ವಿಚಿತ್ರವೆನ್ನಿಸಿತು. "ಎಲ್ರೂ ಅಲ್ಲಿದ್ರಲ್ಲ," ಎಂದ. ಈಗ ಶುಭ್ರವಾದ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಾನೆ. ಇನ್ನೂ ಅಂತಿಗ್ವೊ ಕೇರಿಯ ಬಾರುಗಳ ಕಡೆ ಹೋಗಿಲ್ಲವಂತೆ.