ಎರಡನೇ ಸಾಲಿನ ಇಲಿಗಳಿಗೂ ಕಾಫಿ

ಫೆಬ್ರವರಿ ೩೦, ೨೧೮೭

ನನ್ನ ಮುತ್ತಜ್ಜಿಯ ಅಜ್ಜಿ ಪುಟ್ಟಗೌರಮ್ಮನವರಿಗೆ ಹೇಮಲೆಯ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ.

ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದಾಗ ನೀವು ಬರೆದ ಡೈರಿ ನನ್ನ ಬಳಿ ಇದೆ. ಎರಡು ಸಾಲು ಪಂಜರ, ಎಲ್ಲ ಇಲಿಗಳಿಗೂ ಕ್ಯಾನ್ಸರ್ ಗಡ್ಡೆ, ಎಲ್ಲಕ್ಕೂ ಒಂದೇ ಮದ್ದು. ಮೊದಲ ಸಾಲಿಗೆ ಮಾತ್ರ ಕಾಫಿಯ ಸತ್ವ ಬೆರೆಸಿದ ನೀರು. ಮದ್ದಿನ ಬಲ ಅದರಿಂದ ಹೆಚ್ಚುತ್ತದೆಯೇ ಎಂದು ನೋಡುವುದು ನಿಮ್ಮ ಸಾಹೇಬರ ಉದ್ದೇಶ. ಎರಡು ವಾರದಲ್ಲಿ ಮೊದಲ ಸಾಲಿನ ಗಡ್ಡೆಗಳು ಕರಗಿದವು, ಎರಡನೇ ಸಾಲಿನವು ಕರಗಲಿಲ್ಲ. ಆಮೇಲೆ ನೀವು ಬರೆದಿದ್ದೀರಿ: "ಎದುರು ಬದುರು ಕೂತವ್ರಿಗೆ ಪಂಕ್ತಿಭೇದ ಮಾಡಿದ್ರೆ ನನ್ ಮನಸ್ಸು ಒಪ್ಪಲ್ಲ. ಲೋಟದಲ್ಲಿ ಮಿಕ್ಕ ಕಾಫೀನ ಇವಕ್ಕೂ ಹಾಕ್ದೆ." ದಿನವೂ ಹಾಕಿದಿರಿ. ಆ ಗಡ್ಡೆಗಳೂ ಕರಗಿದವು. ಕೊನೆಯಲ್ಲಿ ಅಳೆದಾಗ ಎರಡೂ ಸಾಲು ಒಂದೇ ಸಮವಾಗಿದ್ದನ್ನು ಕಂಡು ಸಾಹೇಬರು ಕಾಫಿಯಿಂದ ಉಪಯೋಗವಿಲ್ಲವೆಂದು ಬರೆದು ಪ್ರಯೋಗ ಮುಚ್ಚಿದರು. ನೀವು ಬಾಯಿ ಬಿಡಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ ಅಜ್ಜಿ, ಸುಳ್ಳು ಹೇಳಲಾರೆ.

ನನ್ನ ಮಗಳು ಸಿಂಚುವಿಗೆ ಒಂಬತ್ತು ವರ್ಷ. ಮೊಣಕಾಲಿನ ಮೂಳೆಯಲ್ಲಿ ಗಡ್ಡೆ. ಮದ್ದು ಅದೇ, ಆದರೆ ನಾಟುತ್ತಿಲ್ಲ. ಇಲ್ಲಿ ಏನನ್ನೇ ಕೊಡಬೇಕಾದರೂ ಲೆಕ್ಕದಿಲಿ ಒಪ್ಪಬೇಕು. ಅದು ಯಂತ್ರದೊಳಗಿನ ಇಲಿ. ಜೀವವಿರುವ ಇಲಿಯನ್ನು ಮುಟ್ಟಬಾರದೆಂಬ ಕಾನೂನು ಬಂದ ಮೇಲೆ ಪರೀಕ್ಷೆಯೆಲ್ಲ ಅದರ ಮೇಲೆಯೇ. ಅದಕ್ಕೆ ಗೊತ್ತಿರುವುದು ನಿಮ್ಮ ಕಾಲದ ಫಲಿತಾಂಶಗಳಷ್ಟೆ. ಕಾಫಿ ಎಂದು ಕೇಳಿದರೆ 'ಉಪಯೋಗವಿಲ್ಲ' ಎನ್ನುತ್ತದೆ. ಡಾಕ್ಟರ್ ಬೆಳ್ಯಪ್ಪನವರಿಗೆ ನಿಮ್ಮ ಡೈರಿ ತೋರಿಸಿದೆ. "ನಂಬ್ತೀನಮ್ಮ. ಆದ್ರೆ ಎಷ್ಟು ಕೊಡೋದು? ಕಾಫಿ ಜಾಸ್ತಿ ಆದ್ರೆ ಮದ್ದಿನ ಬಲ ಏರಿ ಅದೇ ಮಗೂನ ಕೊಲ್ಲತ್ತೆ" ಎಂದರು. ಮುಚ್ಚಿದ ಪ್ರಯೋಗದ ಫಲಿತಾಂಶವಷ್ಟೇ ಉಳಿದಿದೆ, ಅಳತೆಗಳಿದ್ದ ಕಡತವನ್ನು ಯಾರೂ ಉಳಿಸಿಲ್ಲ.

ಬೆಳಿಗ್ಗೆ ನಾನು ಕಾಫಿ ಕುಡಿಯುವಾಗ ಸಿಂಚು, "ನಂಗೂ ಒಂದ್ ಗುಟುಕು ಕೊಡಮ್ಮ" ಎನ್ನುತ್ತಾಳೆ. ಕೊಡಲೂ ಭಯ, ಕೊಡದಿರಲೂ ಭಯ. ಲೋಟದ ಕಾಫಿ ಕೈಯಲ್ಲೇ ಆರಿಹೋಗುತ್ತದೆ.

ನಾಳೆ ಕೆಲಸಕ್ಕೆ ಹೋದಾಗ ದಯವಿಟ್ಟು ಸಾಹೇಬರಿಗೆ ಹೇಳಿಬಿಡಿ. ಬೈದರೆ ಬೈಯಲಿ. ಅಷ್ಟು ಧೈರ್ಯ ಬಾರದಿದ್ದರೆ, ಲೋಟದಲ್ಲಿ ಎಷ್ಟು ಮಿಕ್ಕಿತ್ತು ಎಂದಾದರೂ ಡೈರಿಯಲ್ಲಿ ಬರೆದಿಡಿ. ಈ ಕಾಗದ ನಿಮ್ಮ ಕೈ ಸೇರುವುದಾಗಿದ್ದರೆ ಆ ಪುಟದಲ್ಲಿ ಇಷ್ಟು ಹೊತ್ತಿಗೆ ಅಳತೆ ಇರಬೇಕಿತ್ತು. ಈಗ ತಾನೆ ತೆರೆದು ನೋಡಿದೆ.

ಇಲ್ಲ.